ಎಡಗಡೆ ಒಂದೂವರೆ ಇಂಚು

ಬೆಳಿಗ್ಗೆ ವಕೀಲರೊಬ್ಬರ ಅರ್ಜಿಯನ್ನು ಪ್ರಿಂಟಿಗೆ ಕೊಟ್ಟಾಗ ಕಂಪ್ಯೂಟರಿನ ಪರದೆಯ ನಡುವೆ ಸಣ್ಣದೊಂದು ಚೌಕ ಎದ್ದು ನಿಂತಿತು. ಮಾರ್ಜಿನ್ ಕಾಗದದ ಅಂಚು ಮೀರಿದೆ, ಸರಿಪಡಿಸಲೇ ಎಂದು ಅದರ ಪ್ರಶ್ನೆ. ನೀವಾದರೆ ಯೋಚನೆಯನ್ನೂ ಮಾಡದೆ ಹೂಂ ಅನ್ನುತ್ತೀರಿ. ನಾನು ಮೌಸಿನ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂರುತ್ತೇನೆ. ಸರಿಪಡಿಸುವುದೆಂದರೆ ಈಚೆಗೆ ನನಗೆ ಅಳುಕು.

ಚಿತ್ರದುರ್ಗದಲ್ಲಿ ಕೋರ್ಟಿನ ಹತ್ತಿರ ಟೈಪಿಂಗ್ ಅಂಗಡಿ ಇಟ್ಟುಕೊಂಡು ನನ್ನ ತಲೆ ಅರ್ಧ ಬೆಳ್ಳಗಾಗಿದೆ. ಕೋರ್ಟಿನ ಕಾಗದಕ್ಕೆ ಎಡಗಡೆ ಒಂದೂವರೆ ಇಂಚು ಬಿಡಬೇಕು. ಅಲ್ಲಿ ದಾರ ಪೋಣಿಸಿ ಕಟ್ಟುತ್ತಾರೆ. ಹಾಳೆಯ ಒಂದೇ ಮಗ್ಗುಲಿಗೆ ಟೈಪು, ಹಿಂದೆ ಖಾಲಿ. ಇದು ನನ್ನ ಕೈಗೆ ಎಷ್ಟು ಅಂಟಿದೆಯೆಂದರೆ ದಿನಸಿ ಪಟ್ಟಿ ಬರೆದರೂ ಎಡಗಡೆ ಅಷ್ಟು ಜಾಗ ಬಿಟ್ಟಿರುತ್ತೇನೆ. "ಇದನ್ನೂ ಕೋರ್ಟಿಗೆ ಹಾಕ್ತೀಯೇನೇ? ಯಾರ ಮೇಲೆ ಕೇಸು, ತೊಗರಿಬೇಳೆ ಮೇಲಾ?" ಎಂದು ನನ್ನ ಯಜಮಾನರು ಆಡಿಕೊಳ್ಳುತ್ತಾರೆ.

ತುರುವನೂರು ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಎರಡು ವರ್ಷದ ಹಿಂದೆ ಒಂದು ನೋಟ್‌ಬುಕ್ ಹಿಡಿದು ಬಂದರು. ಅವರ ಹೆಂಡತಿ ಗಂಗಮ್ಮ ಕುರಿ ಕಾಯುವ ಮನೆಯಲ್ಲಿ ಹುಟ್ಟಿದವರು, ಕೇರಿಗೆಲ್ಲ ಹೆಸರಾದ ಹಾಡುಗಾರ್ತಿ. ಲಕ್ವ ಹೊಡೆದು ಬಲಗೈ ಹೋಗಿತ್ತು, ಮಾತೂ ಹೋಗಿತ್ತು. ಅವರು ಹಾಡುತ್ತಿದ್ದ ಪದಗಳನ್ನು ಮೇಷ್ಟ್ರು ಹಿಂದೆಯೇ ಬರೆದಿಟ್ಟುಕೊಂಡಿದ್ದರು.

"ಪುಸ್ತಕ ಮಾಡಿಕೊಡಮ್ಮ. ಅಕ್ಷರ ದಪ್ಪಗಿರ್ಲಿ, ನನ್ನ ಕಣ್ಣು ಮಂಜು. ಹಾಳೆಯ ಎರಡೂ ಕಡೆ ಹೊಡಿ, ಪುಸ್ತಕ ತೆಳ್ಳಗಾಗ್ಬೇಕು. ಒಂದು ಕೈಯಾಗೆ ಹಿಡ್ಕಂಡು ಓದಬೇಕು, ಇನ್ನೊಂದು ಕೈ ಅವಳು ಹಿಡ್ಕಂಡಿರ್ತಾಳೆ."

ಸಣ್ಣ ಹಾಳೆ, ದಪ್ಪ ಅಕ್ಷರ. ಸಾಲುಗಳು ಬಲದ ಅಂಚಿನವರೆಗೂ ಹೋದವು. ನಾನು ಅಭ್ಯಾಸದಂತೆ ಎಲ್ಲ ಪುಟಕ್ಕೂ ಎಡಗಡೆ ಒಂದೂವರೆ ಇಂಚು ಬಿಟ್ಟೆ. ಹಾಳೆ ಮಗುಚಿದರೆ ಹೊಲಿಗೆ ಬಲಗಡೆ ಬರುತ್ತದೆ ಎಂಬುದು, ಇಷ್ಟು ವರ್ಷ ಹಾಳೆಯ ಬೆನ್ನನ್ನೇ ನೋಡದ ನನಗೆ ಹೊಳೆಯಲಿಲ್ಲ. ಬೈಂಡಿಂಗಿನವರು ಬಿಗಿಯಾಗಿ ಹೊಲಿದುಕೊಟ್ಟರು. ಮೇಷ್ಟ್ರೂ ತಿರುವಿ ನೋಡದೆ ಕಣ್ಣಿಗೊತ್ತಿಕೊಂಡು ಹೋದರು.

ತಿಂಗಳಾದ ಮೇಲೆ ನಗುತ್ತಾ ಬಂದರು. "ಏನಮ್ಮ, ಪ್ರತಿ ಎರಡನೇ ಪುಟದಾಗೆ ಸಾಲಿನ ಬಾಲ ಕತ್ತರಿಸಿಬಿಟ್ಟಿದೀಯ!"

ಪುಸ್ತಕ ಬಿಡಿಸಿ ನೋಡಿದೆ. ಹಿಂಬದಿಯ ಪುಟಗಳಲ್ಲೆಲ್ಲ ಸಾಲಿನ ಕೊನೆಯ ಮಾತು ಹೊಲಿಗೆಯೊಳಗೆ ಹೋಗಿತ್ತು. ನಾಚಿಕೆಯಿಂದ ಮುಖ ಬೆಚ್ಚಗಾಯಿತು.

"ಇರ್ಲಿ ಬಿಡು ತಾಯಿ, ಹೆಂಗೋ ನಡೀತೈತೆ," ಎಂದರು. ಇನ್ನೂ ಏನೋ ಹೇಳಲು ಬಾಯಿ ತೆರೆದಿದ್ದರು. ನಾನು ಕೇಳಲಿಲ್ಲ. ಪುಸ್ತಕ ಕಸಿದುಕೊಂಡಂತೆ ಇಸಿದುಕೊಂಡೆ. ವಾರದೊಳಗೆ ಒಂದಕ್ಷರವೂ ಮುಚ್ಚದ ಹೊಸ ಪುಸ್ತಕ ಮಾಡಿಕೊಟ್ಟೆ. ಹಳೆಯದು ಯಾರ ಕಣ್ಣಿಗೂ ಬೀಳಬಾರದೆಂದು ಹರಿದು ಬಚ್ಚಲ ಒಲೆಗೆ ಹಾಕಿದೆ. ಅಂದು ನನ್ನ ಕೆಲಸದ ಬಗ್ಗೆ ನನಗೆ ಎಂಥ ಹೆಮ್ಮೆ!

ಎರಡು ತಿಂಗಳ ನಂತರ ಮತ್ತೆ ಬಂದರು. ಈ ಸಲ ನಗಲಿಲ್ಲ.

"ಆ ಹಳೇದು ಐತೇನಮ್ಮ?"

"ಯಾಕೆ ಮೇಷ್ಟ್ರೇ, ಇದರಲ್ಲೂ ತಪ್ಪಾಗಿದೆಯಾ?"

"ಇದ್ರಾಗೆ ತಪ್ಪೇ ಇಲ್ಲ ಕಣಮ್ಮ. ಅದ್ರಾಗೆ 'ಕರಿಯ ಕಂಬಳಿ ಹಾಸಿ ಕುಂತಾನೆ ನನ್ನ' ಅಂತ ಓದಿ, ಮುಂದೆ ಕಾಣದೆ ತಡವರಿಸ್ತಿದ್ದೆ. ಅವಳು 'ಅಣ್ಣ' ಅಂತಿದ್ಲು. ಆರು ತಿಂಗಳು ತುಟಿ ಬಿಚ್ಚದೋಳು! ಹೊಸದು ಬಂದ ಮೇಲೆ ನಾನೇ ಗಡಗಡ ಪೂರ್ತಿ ಓದ್ಕೊಂಡು ಹೋದೆ. ಅವಳು ಸುಮ್ಮನಾದ್ಲು. ಕಾಯಿಲೆ ಜಾಸ್ತಿ ಆತು ಅಂದ್ಕಂಡೆ. ನಾನು ಜಾಗ ಬಿಡ್ತಿಲ್ಲ ಅಂತ ಮೊನ್ನೆ ಹೊಳೀತು. ನಿಲ್ಲಿಸಿ ನೋಡ್ದೆ. ಬಾಯಿ ಅಲ್ಲಾಡ್ತೈತೆ, ಮಾತು ಬರವಲ್ದು. ಆ ಹಳೇ ಪುಸ್ತಕ ಕಂಡ್ರೆ ಬರ್ತಾವೇನೋ ಅಂತ ಆಸೆ."

ಒಲೆಗೆ ಹಾಕಿದ್ದನ್ನು ಹೇಳದೆ ಮುಚ್ಚಿಟ್ಟೆ. ಬೇಕೆಂದೇ ಮತ್ತೆ ಅದೇ ಮಾರ್ಜಿನ್ ತಪ್ಪು ಮಾಡಿ, ಅದೇ ಬೈಂಡಿಂಗಿನವರ ಹತ್ತಿರ ಹಾಗೆಯೇ ಹೊಲಿಸಿದೆ. ನಾನೇ ಬಸ್ಸು ಹತ್ತಿ ಅವರ ಮನೆಗೆ ಹೋದೆ. ಮಂಚದ ಪಕ್ಕ ಕುಳಿತು ಮೇಷ್ಟ್ರು ಓದಿದರು, ನಿಲ್ಲಿಸಿದರು. ಗಂಗಮ್ಮ ಗಂಡನ ಬಾಯಿಯನ್ನೇ ನೋಡುತ್ತಿದ್ದರು. ತುಂಬಾ ಹೊತ್ತು ಕಾದೆವು. ಮಾತು ಬರಲಿಲ್ಲ. ಕಾರ್ತಿಕದಲ್ಲಿ ಗಂಗಮ್ಮ ತೀರಿಕೊಂಡರು.

ಇವತ್ತು ಸಂಜೆ ಮೇಷ್ಟ್ರು ಬಂದಿದ್ದರು. ರೇಷನ್ ಕಾರ್ಡಿನಿಂದ ಗಂಗಮ್ಮನವರ ಹೆಸರು ತೆಗೆಸಲು ಅರ್ಜಿ ಬೇಕಿತ್ತು. ಟೈಪು ಮಾಡಿ ಕೊಟ್ಟೆ. ಸರಿಯಿದೆಯೇ ಎಂದು ನಿಂತೇ ಗಟ್ಟಿಯಾಗಿ ಓದತೊಡಗಿದರು. ಪ್ರತಿ ಸಾಲಿನ ಕೊನೆಯ ಮಾತಿಗೆ ಮುಂಚೆ ಅವರ ದನಿ ನಿಲ್ಲುತ್ತಿತ್ತು. ತಲೆ ಕೊಂಚ ಪಕ್ಕಕ್ಕೆ ವಾಲಿಸಿ, ಒಂದು ಕ್ಷಣ ಬಿಟ್ಟು, ಆಮೇಲೆ ಆ ಮಾತನ್ನು ತಾವೇ ಓದಿಕೊಳ್ಳುತ್ತಿದ್ದರು.

"ಬೇಗ ಮುಗಿಸ್ರಿ ಅಜ್ಜಾರೆ, ಆಫೀಸು ಮುಚ್ಚಾಕೆ ಬಂತು," ಎಂದು ಹಿಂದೆ ನಿಂತವರೊಬ್ಬರು ಗೊಣಗಿದರು.

"ಸ್ವಲ್ಪ ಇರ್ರಿ," ಎಂದು ನಾನು ಕೈ ಅಡ್ಡ ಹಿಡಿದೆ. "ಓದ್ಲಿ."