ಎಂಪಿಯ ಶಾಲು

ಆ ಬೈ ಎಲೆಕ್ಷನ್ ಗೆದ್ದಿದ್ದು ನಮ್ಮ ಎದುರುಮನೆಯಾಕೆ ಅಲ್ಲ. ಗೆದ್ದಿದ್ದು ಸತ್ತುಹೋಗಿದ್ದ ಅವಳ ಗಂಡ. ಪೇಪರಿನವರು ಏನಾದರೂ ಬರೆದುಕೊಳ್ಳಲಿ.

ಮೊನ್ನೆ ಇಲ್ಲಿ ಅಮೆರಿಕದ ರೆಡ್ಮಂಡಿನಲ್ಲಿ, ಮಗಳ ಮನೆಯಲ್ಲಿ, ಚಳಿ ಶುರುವಾಯಿತೆಂದು ಸ್ವೆಟರ್‌ಗೆ ಸೂಟ್‌ಕೇಸ್ ತೆಗೆದೆ. ತಳದಿಂದ ನಶ್ಯದ ಘಾಟು ಮೂಗಿಗೆ ಹೊಡೆಯಿತು. ಆ ಕೆಂಪಂಚಿನ ಶಾಲು... ಮರೆತೇಬಿಟ್ಟಿದ್ದೆ.

"ಅಜ್ಜಿ, ವಾಟ್ ಈಸ್ ದಟ್ ಸ್ಮೆಲ್?" ಅಂತ ಮೊಮ್ಮಗಳು ಮೂಗು ಮುಚ್ಚಿಕೊಂಡಳು.

ಎದುರುಮನೆ ಎಂಪಿಯ ಶಾಲು ಅದು. ನಶ್ಯ ಏರಿಸಿ, ಶಾಲು ಹೆಗಲಿಗೆಸೆದು, ಬೀದಿಯಲ್ಲಿ ಕಂಡ ಹೆಂಗಸರನ್ನೆಲ್ಲ "ಏನಮ್ಮಾ, ನೀರು ಬಂತಾ?" ಅಂತ ಕೇಳೋರು. ನೀರೇನೂ ಬರುತ್ತಿರಲಿಲ್ಲ. ಅವಧಿ ಮುಗಿಯೋ ಮೊದಲೇ ಎದೆನೋವು ಬಂದು ಹೋದರು. ತಿಥಿಯೂಟದ ಎಲೆ ಎತ್ತೋ ಮೊದಲೇ ಪಕ್ಷದವರು ಹೆಂಡತಿಯನ್ನು ನಿಲ್ಲಿಸೋದು ಅಂತ ತೀರ್ಮಾನ ಮಾಡಿದ್ದರು.

ಆಕೆಗೆ ಮೈಕ್ ಕಂಡರೆ ಬೆವರು. ನಮ್ಮ ತಾರಸಿಗೆ ಹಪ್ಪಳ ಒಣಗಿಸೋಕೆ ಬಂದರೆ ಮಾತ್ರ ಬಾಯಿ ತುಂಬ ನಗೋಳು. ನಾಮಿನೇಷನ್ ಹಿಂದಿನ ದಿನ ಹಿತ್ತಲ ಬಾಗಿಲಿಂದ ಬಂದು ಶಾಲನ್ನು ನನ್ನ ಮಡಿಲಿಗೆ ತುರುಕಿದಳು.

"ಅಕ್ಕಾ, ಇದನ್ನ ಬಚ್ಚಿಡಿ. ನಂಗೆ ಹೊದಿಸ್ತಾರಂತೆ. ನೀವಾದ್ರೂ ನಂಗೆ ಓಟು ಹಾಕ್ಬೇಡಿ. ಸೋತ್ರೆ ನಾನು ನಾನಾಗಿರ್ತೀನಿ."

"ಹೋಗೇ ಹುಚ್ಚಿ, ನಿಂಗ್ಯಾರು ಓಟು ಹಾಕ್ತಾರೆ" ಅಂದೆ. ಶಾಲನ್ನು ಸೂಟ್‌ಕೇಸಿನ ತಳಕ್ಕೆ ಸೇರಿಸಿದೆ. ಓಟು ನಾನಂತೂ ಹಾಕಲಿಲ್ಲ.

ಪಕ್ಷದವರು ಅಂಥದೇ ಹೊಸ ಶಾಲು ತಂದರು. ಜೀಪಿನಲ್ಲಿ ಗಂಡ ನಿಲ್ಲುತ್ತಿದ್ದ ಜಾಗದಲ್ಲೇ ನಿಲ್ಲಿಸಿದರು. ಮೊದಮೊದಲು ಕೈ ಮುಗಿಯುತ್ತಿದ್ದವಳು ಆಮೇಲೆ ಗಂಡನ ಹಾಗೇ ಎಡಗೈ ಎತ್ತಿದಳು. ಅವರ ಹಾಗೇ ಕೆಮ್ಮಿದಳು... ಯಾರೂ ಹೇಳಿಕೊಟ್ಟಿರಲಿಲ್ಲ. ಜನ ಅತ್ತುಕೊಂಡು ಓಟು ಹಾಕಿದರು.

ಗೆದ್ದ ದಿನ ಹೋದೆ. ಆ ಹೊಸ ಶಾಲಿನಲ್ಲೂ ನಶ್ಯದ ಘಾಟು. ಗುರುತೇ ಇಲ್ಲದವಳ ಹಾಗೆ ನನ್ನ ಮುಖ ನೋಡಿ, "ಏನಮ್ಮಾ, ನೀರು ಬಂತಾ?" ಅಂದಳು. ಆಮೇಲೆ ನನ್ನನ್ನು ಅಕ್ಕಾ ಅಂತ ಕರೆಯಲೇ ಇಲ್ಲ.

ಈಗ ಅವಳೂ ಹೋಗಿದಾಳೆ, ಎಂಪಿಯಾಗಿದ್ದಾಗಲೇ. ಮತ್ತೆ ಬೈ ಎಲೆಕ್ಷನ್. ಶಾಲು ಸಿಕ್ಕ ಸಂಜೆಯೇ ಮಗಳು ಫೋನಿನಲ್ಲಿ ವಿಡಿಯೋ ತೋರಿಸಿದಳು. ಜೀಪಿನ ಮೇಲೆ ಎದುರುಮನೆಯಾಕೆಯ ಮಗಳು. ಹೆಗಲಿಗೆ ಕೆಂಪಂಚಿನ ಶಾಲು. ಪಾಪ, ಇನ್ನೂ ಕೈ ಮುಗಿಯುತ್ತಿದ್ದಾಳೆ...

"ಅಮ್ಮಾ, ಆಂಟಿ ಹೋಗಿದ್ದಕ್ಕೆ ಬೇಜಾರಾಯ್ತಾ?" ಅಂದಳು ಮಗಳು. ಹಪ್ಪಳ ಒಣಗಿಸೋಕೆ ಬರುತ್ತಿದ್ದವಳು ಗೆದ್ದ ದಿನವೇ ಹೋಗಿಯಾಗಿತ್ತು. ಬೇಜಾರು ಆಗಲೇ ಪಟ್ಟಿದ್ದೆ.

ಮಾರನೇ ಬೆಳಿಗ್ಗೆ ಎದ್ದು ಬಂದರೆ, ಮೂಗು ಮುಚ್ಚಿಕೊಂಡಿದ್ದ ಮೊಮ್ಮಗಳು ಅದೇ ಶಾಲು ಹೊದ್ದು ಸೋಫಾದಲ್ಲಿ ಕೂತಿದ್ದಳು. ಕಿತ್ತುಕೊಂಡೆ. ಕತ್ತರಿ ತಗೊಂಡು ನೆಲ ಒರೆಸೋ ಬಟ್ಟೆ ಮಾಡಿದೆ.