ಬೆವರದ ಪೈಪು

ಊರಲ್ಲಿ ಯಾರ ಗಾಡಿಯ ಎ.ಸಿ. ಕೆಟ್ಟರೂ ಜನ ಹುಡುಕಿಕೊಂಡು ಬರುತ್ತಿದ್ದದ್ದು ಥಂಡಿಯಣ್ಣನನ್ನು. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು, ಆದರೆ ಅದನ್ನು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಪೆಟ್ರೋಲ್ ಬಂಕಿನ ಹಿಂದೆ, ಟೈರ್ ಅಂಗಡಿಯ ಗೋಡೆಗೆ ಆತುಕೊಂಡ ತಗಡಿನ ಶೆಡ್ಡು ಅವನದು. ಊರಿಗೆಲ್ಲ ತಂಪು ಹಂಚುವ ಮಹಾರಾಯನ ಶೆಡ್ಡಿನಲ್ಲಿ ಒಂದು ನೆಟ್ಟಗಿನ ಫ್ಯಾನೂ ಇರಲಿಲ್ಲ.

ಬೇರೆ ಮೆಕ್ಯಾನಿಕ್ಕುಗಳು ಗ್ಯಾಸ್ ತುಂಬುವಾಗ ಮೀಟರ್ ನೋಡುತ್ತಾರೆ. ಇವನದು ಕೈಲೆಕ್ಕ. ಕಂಪ್ರೆಸರಿಗೆ ವಾಪಸ್ ಬರುವ ದಪ್ಪ ಪೈಪನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಸಿಲಿಂಡರಿನ ತಿರುಪು ಸಡಿಲಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಪೈಪು ಬಾವಿ ನೀರಿನಷ್ಟು ತಣ್ಣಗಾಯಿತೋ, ಅಲ್ಲಿಗೆ ನಿಲ್ಲಿಸಿದ. ಹತ್ತಿರದವರು ಕೊಡಿಸಿದ ಮೀಟರ್ ಒಂದು ಮೊಳೆಗೆ ನೇತಾಡುತ್ತ ಧೂಳು ತಿನ್ನುತ್ತಿತ್ತು. "ಮೀಟರ್ ನೋಡಿ ಗ್ಯಾಸ್ ತುಂಬೋನೂ ಒಂದೇ, ಪುಸ್ತಕ ನೋಡಿ ಈಜೋನೂ ಒಂದೇ" ಎಂದು ಅವನು ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ಬಂದವರೂ ನಗುತ್ತಿದ್ದರು, ಏಕೆಂದರೆ ಅವನ ಕೈ ಒಮ್ಮೆಯೂ ತಪ್ಪಿರಲಿಲ್ಲ.

ಆ ಕೈಯೇ ಈಗ ಮರದ ಕೊರಡಾಗಿತ್ತು. ಸಕ್ಕರೆ ಕಾಯಿಲೆ ಮೊದಲು ಪಾದಕ್ಕೆ ಬಂತು, ಆಮೇಲೆ ಬೆರಳಿಗೆ. ಮೊದಮೊದಲು ಇರುವೆ ಹರಿದ ಹಾಗೆ ಜುಮುಜುಮು, ಕೊನೆಗೆ ಅದೂ ಇಲ್ಲ. ಡಾಕ್ಟರು ಮುಖ ನೋಡದೆಯೇ ಹೇಳಿದ್ದರು: "ಸತ್ತ ನರ ಎದ್ದು ಬರಲ್ಲ. ಉಳಿದಿದ್ದನ್ನ ನೋಡಿಕೊಳ್ಳಿ." ಅವನು ಯಾರಿಗೂ ಹೇಳಲಿಲ್ಲ, ಹೆಂಡತಿಗೂ. ಹೇಳಿದರೆ ಊರಿಗೆ ಗೊತ್ತಾಗುತ್ತದೆ, ಊರಿಗೆ ಗೊತ್ತಾದರೆ ಶೆಡ್ಡಿಗೆ ಬೀಗ ಬೀಳುತ್ತದೆ. ಬೇರೆ ಕೆಲಸ ಅವನಿಗೆ ಬಾರದು, ಕಲಿಯುವ ವಯಸ್ಸೂ ದಾಟಿತ್ತು.

ಹಾಗಾದರೆ ಮೀಟರ್ ಇತ್ತಲ್ಲ ಅಂತೀರಿ. ಇತ್ತು ಸ್ವಾಮಿ. ಆದರೆ ಜನ್ಮವೆಲ್ಲ ಅದನ್ನು ಆಡಿಕೊಂಡವನು ಇವತ್ತು ಅದನ್ನೇ ಕೆಳಗಿಳಿಸಿದರೆ ನೋಡಿದವರು ಯಾಕೆ ಎಂದು ಕೇಳರೆ? ಹೆಮ್ಮೆಗೆ ಮದ್ದಿಲ್ಲ. ಅವನು ಒಂದು ಉಪಾಯ ಕಂಡುಕೊಂಡಿದ್ದ. ಗ್ಯಾಸು ಸರಿಯಾಗಿ ತುಂಬಿದಾಗ ತಣ್ಣನೆಯ ಪೈಪಿನ ಮೇಲೆ ಸಣ್ಣ ಹನಿ ಕಟ್ಟುತ್ತದೆ, ಪೈಪು ಬೆವರುತ್ತದೆ. ಕೈಗೆ ತಿಳಿಯದ್ದು ಕಣ್ಣಿಗೆ ಕಾಣುತ್ತಿತ್ತು. ಕೈಯಲ್ಲಿ ತಂಪು ಅಳೆಯುವಂತೆ ನಟಿಸುತ್ತ, ಕಣ್ಣು ಅರೆ ಮುಚ್ಚಿ, ರೆಪ್ಪೆಯ ಸಂದಿಯಿಂದ ಬೆವರು ಕಾಯುತ್ತಿದ್ದ. ಮಳೆಗಾಲದಲ್ಲಿ ಈ ನಾಟಕ ಚೆನ್ನಾಗಿಯೇ ನಡೆಯಿತು.

ಬೇಸಿಗೆಯಲ್ಲಿ ಅವನ ಷಡ್ಡಕ, ಅಂದರೆ ನಾದಿನಿಯ ಗಂಡ, ತನ್ನ ಹಳೇ ಜೀಪು ತಂದು ಶೆಡ್ಡಿನ ಮುಂದೆ ನಿಲ್ಲಿಸಿದ. ನಾಲ್ಕೂ ಚಕ್ರ ಎಳೆಯುವ ಗಟ್ಟಿ ಗಾಡಿ. ಅದರಲ್ಲಿ ಅವನು ಬಯಲಾಚೆಯ ಕಲ್ಲುಗಣಿಗೆ ಇಂಜಿನಿಯರುಗಳನ್ನು ಕರೆದೊಯ್ದು ತರುತ್ತಿದ್ದ.

"ಅಣ್ಣಾ, ನಿಮ್ಮ ಕೈಗೆ ಒಪ್ಪಿಸ್ತಿದ್ದೀನಿ. ಒಳಗೆ ಕೂತ್ರೆ ಒಲೆ ಮೇಲೆ ಕೂತಂಗಾಗುತ್ತೆ. ಸಾಹೇಬ್ರು ಇನ್ನು ಹತ್ತಲ್ಲ ಅಂತಿದ್ದಾರೆ."

"ನಿನ್ನ ಗಾಡಿಗೂ ನಿನಗೂ ಬಿಸಿ ಜಾಸ್ತಿ. ಇಳಿ ಮಾರಾಯ, ನೋಡೋಣ."

ಸೋಪಿನ ನೊರೆ ಹಚ್ಚಿ ನೋಡಿದ. ಒಂದು ಜೋಡಣೆಯಲ್ಲಿ ಗುಳ್ಳೆ ಎದ್ದಿತು. ಒಣಗಿ ಸೀಳಿಹೋದ ರಬ್ಬರ್ ಉಂಗುರ ತೆಗೆದು ಹೊಸದು ಕೂರಿಸಿದ. ಪಂಪು ಹಚ್ಚಿ ಒಳಗಿನ ಗಾಳಿಯನ್ನೆಲ್ಲ ಎಳೆಸಿದ. ಅಲ್ಲಿಯವರೆಗೆ ಎಲ್ಲವೂ ಅಚ್ಚುಕಟ್ಟು. ಇಂಜಿನ್ ಚಾಲೂ ಮಾಡಿಸಿ, ಷಡ್ಡಕನನ್ನು ಒಳಗೆ ಕೂರಿಸಿ, ಸಿಲಿಂಡರಿನ ತಿರುಪು ಬಿಚ್ಚಿದ.

ಸ್ವಲ್ಪ ಹೊತ್ತಿಗೆ ಷಡ್ಡಕ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ತಣ್ಣಗೆ ಬರ್ತಿದೆ ಅಣ್ಣಾ. ಸಾಕು ಅನ್ಸುತ್ತೆ."

"ಗ್ಯಾಸ್ ತುಂಬೋನು ನಾನೋ ನೀನೋ? ಸುಮ್ನೆ ಕೂತ್ಕೋ."

ಪೈಪು ಬೆವರಿರಲಿಲ್ಲ. ಥಂಡಿಯಣ್ಣ ಇನ್ನಷ್ಟು ಬಿಟ್ಟ. ಬೆವರಲಿಲ್ಲ. ಮತ್ತಷ್ಟು ಬಿಟ್ಟ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುವ ಹಾಗೆ ಅವನ ಗಮನವೆಲ್ಲ ಷಡ್ಡಕ ತನ್ನ ಕೈ ನೋಡುತ್ತಿದ್ದಾನೋ ಎಂಬುದರ ಮೇಲಿತ್ತು. ಬಯಲ ಕಡೆಯಿಂದ ಒಣಗಾಳಿ ಬೀಸುತ್ತಿತ್ತು. ತುಟಿ ಒಡೆಯುವ ಇಂಥ ಗಾಳಿಯಲ್ಲಿ ಪೈಪು ಎಷ್ಟು ತಣ್ಣಗಾದರೂ ಹನಿ ಕಟ್ಟುವುದಿಲ್ಲ. ಇದು ಅವನಿಗೆ ಗೊತ್ತಿಲ್ಲದ್ದಲ್ಲ, ಎಷ್ಟೋ ಜನಕ್ಕೆ ಅವನೇ ಹೇಳಿಕೊಟ್ಟದ್ದು. ಹೆದರಿದವನ ಬುದ್ಧಿಗೆ ಅದು ಆ ಹೊತ್ತಿಗೆ ಹೊಳೆಯಲಿಲ್ಲ.

ಕಂಪ್ರೆಸರು ಕಟಕಟ ಅಂದು ಬಿಗಿದುಕೊಂಡು ನಿಂತಿತು. ಬೆಲ್ಟು ಕಿರ್ರೆಂದು ಅರಚಿ ಸುಟ್ಟ ವಾಸನೆ ಎದ್ದಿತು. ಷಡ್ಡಕ ಇಂಜಿನ್ ಆರಿಸಿ ಓಡಿಬಂದ. ಏನಾಯಿತೆಂದು ನೋಡಲು ಪೈಪಿಗೆ ಕೈ ಹಚ್ಚಿದವನು ತಟ್ಟನೆ ಹಿಂದಕ್ಕೆಳೆದುಕೊಂಡ.

"ಅಣ್ಣಾ, ಇದು ಮಂಜುಗಡ್ಡೆ ಹಾಗೆ ಕೊರೀತಿದೆಯಲ್ಲ." ಆಮೇಲೆ ದನಿ ತಗ್ಗಿಸಿ ಹೇಳಿದ, "ನಿಮ್ಮ ಕೈ ಇದರ ಮೇಲೇ ಇತ್ತು."

ಥಂಡಿಯಣ್ಣ ನೋಡಿದ. ಕೈ ಇನ್ನೂ ಅಲ್ಲೇ ಇತ್ತು.

"ಹಳೇ ಕಂಪ್ರೆಸರು. ಇವತ್ತಲ್ಲ ನಾಳೆ ಹೋಗೋದೇ ಆಗಿತ್ತು" ಎಂದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಆ ಮಾಡೆಲ್ಲಿನ ಕಂಪ್ರೆಸರು ಈಗ ಗುಜರಿಯಲ್ಲೂ ಸಿಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಷಡ್ಡಕ ಜಗಳವಾಡಿದ್ದರೆ ಚೆನ್ನಾಗಿತ್ತು. ಅವನು ಜಗಳವಾಡಲಿಲ್ಲ. "ಹೋಗ್ಲಿ ಬಿಡಿ ಅಣ್ಣಾ, ಕಿಟಕಿ ತೆಗೆದುಕೊಂಡು ಓಡಿಸ್ತೀನಿ" ಎಂದು, ಗಾಡಿ ಓಡಲೆಂದು ಕಂಪ್ರೆಸರಿನ ಬೆಲ್ಟು ಕತ್ತರಿಸಿ, ಸತ್ತವರ ಮನೆಯಿಂದ ಹೊರಡುವವನ ಹಾಗೆ ಹೋಗಿಬರ್ತೀನಿ ಅಂತಲೂ ಅನ್ನದೆ ಹೊರಟುಹೋದ. ಆ ಮರ್ಯಾದೆ ಥಂಡಿಯಣ್ಣನಿಗೆ ಚಪ್ಪಲಿ ಏಟಿಗಿಂತ ಜೋರಾಗಿ ಬಿತ್ತು.

ಹೊತ್ತಿಗೆ ಮುಂಚೆ ಮನೆಗೆ ಬಂದ. ಹೆಂಡತಿ ಯಾಕೆಂದು ಕೇಳದೆ ಟೀ ತಂದಿಟ್ಟಳು. ತಂಗಿಯಿಂದ ಆಗಲೇ ಫೋನ್ ಬಂದಿರಬೇಕು.

"ನನ್ನ ಬೆರಳಿಗೆ ಏನೂ ತಿಳೀತಿಲ್ಲ ಕಣೇ" ಎಂದ.

"ಗೊತ್ತು."

"ಯಾವಾಗಿಂದ?"

"ಕುದಿಯೋ ಹಾಲಿನ ಪಾತ್ರೆನ ಬರಿಗೈಲಿ ಇಳಿಸಿ, ಏನೂ ಆಗದೋರ ಹಾಗೆ ಪೇಪರ್ ಓದೋಕೆ ಕೂತಿರಲ್ಲ, ಆವತ್ತಿಂದ. ಅಂಗೈ ಪೂರ್ತಿ ಬೊಬ್ಬೆ ಎದ್ದಿತ್ತು. ಅದಕ್ಕೇ ನಿಮ್ಮ ಟೀ ಆರಿಸಿ ಕೊಡ್ತಿದ್ದೀನಿ."

ಅವನು ಲೋಟ ನೋಡಿದ. ಎಷ್ಟು ಸಲ ಬೈದಿದ್ದ ಅವಳನ್ನು, ಒಂದು ಲೋಟ ಬಿಸಿ ಟೀ ಕೊಡೋ ಯೋಗ್ಯತೆ ಇಲ್ಲವಾ ಎಂದು, ಒಮ್ಮೆ ನೆಂಟರ ಎದುರಿಗೂ.

"ಸುಮ್ನೆ ಬೈಸಿಕೊಂಡ್ಯಲ್ಲೇ."

"ಬೈದ್ರೆ ಬೊಬ್ಬೆ ಏಳಲ್ಲ."

ಅವನಿಗೆ ಅಳು ಬಂತು, ಮುಚ್ಚಿಡಲಿಲ್ಲ. ಆಮೇಲೆ ಮುಖ ಒರೆಸಿಕೊಂಡು, ಜೀವನದಲ್ಲಿ ಮೊದಲ ಸಲ ತನ್ನ ಕಸುಬಿನ ಬಗ್ಗೆ ಅವಳನ್ನು ಕೇಳಿದ: "ನಾಳೆ ಶೆಡ್ ತೆಗೀಲಾ?"

ಅವಳು ಅವನ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡು ಕೂತಳು. ಹಿಡಿದಿದ್ದಾಳೆಂದು ಅವನು ನೋಡಿ ತಿಳಿದುಕೊಂಡ.