ಅರ್ಧ ಚೊಂಬಿನ ದೊಡ್ಡಪ್ಪ

ಮನೆಗೆ ಬಂದವರಿಗೆ ನಮ್ಮ ದೊಡ್ಡಪ್ಪ ಕಾಫಿಗಿಂತ ಮೊದಲು ಹೊಸ ಕಕ್ಕಸು ತೋರಿಸುತ್ತಾರೆ. "ಕರೆಂಟಿಂದು, ಬಟನ್ ಒತ್ತಿದ್ರಾಯ್ತು, ಅರ್ಧ ಚೊಂಬು ನೀರು ಸಾಕು! ಒಂದ್ಸಲ ಕೂತು ನೋಡಿ, ಸಂಕೋಚ ಬೇಡ" ಎಂದು ಬೀಗರನ್ನೂ ಬಿಡದೆ ಒಳಗೆ ತಳ್ಳಿ, ಬಾಗಿಲಿಗೆ ಕಿವಿಗೊಟ್ಟು ನಿಲ್ಲುತ್ತಾರೆ. ಯಾರಾದರೂ ಎರಡನೇ ಸಲ ಬಟನ್ ಒತ್ತಿದರೋ, "ಒಂದೇ ಸಾಕ್ರೀ, ಒಳಗೇನು ಆನೆ ಕೂತಿದ್ಯಾ?" ಎಂದು ಹೊರಗಿನಿಂದಲೇ ಗದರುತ್ತಾರೆ. ಕರೆಂಟು ಹೋದರೆ, "ತಡ್ಕೊಳ್ಳಿ, ಈಗ ಬರತ್ತೆ" ಎಂದು ಮನೆಮಂದಿಗೆಲ್ಲ ಧೈರ್ಯ ತುಂಬುತ್ತಾರೆ. ಮಂಡಿನೋವಿನ ದೊಡ್ಡಮ್ಮ ಹಳೇ ಕಕ್ಕಸಿಗೆ ಬಕೆಟ್ ಹೊರಲಾಗದೆ, ಪದೇ ಪದೇ ಹೋಗಬೇಕಾದೀತೆಂದು ಎರಡು ವರ್ಷ ಬಾಯಾರಿದರೂ ಸರಿಯಾಗಿ ನೀರು ಕುಡಿಯದೆ ಕಳೆದದ್ದನ್ನು ಮಾತ್ರ ದೊಡ್ಡಪ್ಪ ಯಾರಿಗೂ ಹೇಳುವುದಿಲ್ಲ. ಈಗ ದೊಡ್ಡಮ್ಮ ಚೊಂಬು ತುಂಬ ಕುಡಿಯುತ್ತಾರೆ. ಅವರು ಒಳಗಿದ್ದಾಗ ಬಟನ್ ನಾಲ್ಕು ಸಲ ಸದ್ದು ಮಾಡಿದರೂ ದೊಡ್ಡಪ್ಪನಿಗೆ ಕಿವುಡು.